ನಾಕನೇ ಕ್ಲಾಸ್ ಓದಿರೋ ಅಪ್ಪಂಗೆ ಮೆದುಳಿನ ಟೆಸ್ಟಲ್ಲಿ 30ಕ್ಕೆ 15 ಬಂದಿದೆ, ಇದನ್ನ ಎಷ್ಟು ನಂಬ್ಬೋದು?

ಕೆರಗೋಡು_ಹೈದ, ಭಾನುವಾರ ರಾತ್ರಿ 9:12

ಎಲ್ರಿಗೂ ನಮಸ್ಕಾರ. ನಮ್ಮೂರು ಮಂಡ್ಯ ತಾಲೂಕು ಕೆರಗೋಡು ಕಡೆ, ನಾನಿರೋದು ಮೈಸೂರಲ್ಲಿ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲ್ಸ. ನಮ್ಮಪ್ಪಂಗೆ 68. ಒಂದೈದಾರು ತಿಂಗ್ಳಿಂದ ಮರೆವು ಜಾಸ್ತಿ ಆಗೈತೆ. ನಾಲೇಲಿ ನೀರು ಬಂತಾ ಅಂತ ಒಂದೇ ಬೆಳಗ್ಗೆ ನಾಕು ಸಲ ಕೇಳ್ತಾರೆ, ಹೋದ್ ತಿಂಗ್ಳು ಕಬ್ಬು ಕಡಿಯೋರಿಗೆ ಒಂದೇ ವಾರದ ಕೂಲಿ ಎರಡು ಸಲ ಕೊಟ್ಬುಟ್ಟವ್ರೆ. ಮಾತೂ ಕಮ್ಮಿ ಆಗೈತೆ, ಜಗಲಿ ಮೇಲೆ ಸುಮ್ನೆ ಕೂತಿರ್ತಾರೆ. ಎರಡು ತಿಂಗ್ಳ ಹಿಂದೆ ಏರಿ ಮೇಲೆ ಟಿವಿಎಸ್ ಎಕ್ಸೆಲ್ ಜಾರಿ ಬಿದ್ರು, ಮಂಡಿ ತರಚಿದ್ದು ಬಿಟ್ರೆ ಏನೂ ಆಗ್ಲಿಲ್ಲ.

ಹೋದ್ ವಾರ ಮೈಸೂರಲ್ಲಿ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದೆ. ಒಬ್ರು ಬಂದು ಒಂದು ಹಾಳೆ ಇಟ್ಕೊಂಡು ಹತ್ತು ನಿಮಿಷ ಪ್ರಶ್ನೆ ಕೇಳಿದ್ರು. ಇವತ್ತು ಡೇಟ್ ಎಷ್ಟು, ಇದು ಎಷ್ಟನೇ ಫ್ಲೋರು, 100ರಿಂದ ಏಳೇಳು ಕಳೀತಾ ಹೋಗಿ, ವರ್ಲ್ಡ್ ಅನ್ನೋ ಪದಾನ ಹಿಂದ್ಲಿಂದ ಹೇಳಿ, ಈ ಚಿತ್ರ ನೋಡ್ಕೊಂಡು ಬರೀರಿ. ಅಪ್ಪ ಡೇಟ್ ಹೇಳ್ಲಿಲ್ಲ, ಅಮಾಸೆ ಆಗಿ ಐದು ದಿನ ಅಂದ್ರು, ಅದು ಸರಿಯಾಗೇ ಇತ್ತು. ಅದಕ್ಕೆ ಸೊನ್ನೆ. ವರ್ಲ್ಡ್ ಅಂದ್ರೆ ಏನು ಅಂತ ನನ್ ಮುಖ ನೋಡಿದ್ರು. ಕೊನೇಲಿ 30ಕ್ಕೆ 15 ಅಂತ ಬರೆದು, ಡಿಮೆನ್ಷಿಯಾ, ಅಂದ್ರೆ ಮರೆವಿನ ಕಾಯಿಲೆ ಅಂತ ಚೀಟೀಲಿ ಹಾಕಿ ಮಾತ್ರೆ ಕೊಟ್ರು. ಬಸ್ಸಲ್ಲಿ ಶ್ರೀರಂಗಪಟ್ಟಣ ದಾಟೋವರ್ಗೂ ಅಪ್ಪ ಮಾತಾಡ್ಲಿಲ್ಲ, ಆಮೇಲೆ "ನಂಗೇನ್ಲಾ ಹುಚ್ಚಾ" ಅಂತ ಒಂದೇ ಮಾತು ಕೇಳಿ ಕಿಟಕಿ ಕಡೆ ತಿರುಗ್ಬುಟ್ರು. ನಂಗೆ ಅವತ್ತಿಂದ ನಿದ್ದೆ ಬರ್ತಿಲ್ಲ.

ಕನ್ನಂಬಾಡಿ ಕಟ್ಟೇಲಿ ಇವತ್ತು ಎಷ್ಟಡಿ ನೀರೈತೆ ಅಂತ ಇವತ್ತಿಗೂ ಪಾಯಿಂಟ್ ಸಮೇತ ಹೇಳ್ತಾರೆ. ಅಂಥವ್ರಿಗೆ ಡಿಮೆನ್ಷಿಯಾ ಅಂದ್ರೆ ಹೆಂಗೆ ನಂಬ್ಲಿ? ಈ ಟೆಸ್ಟು ಸರಿಯಾ? ಸರಿಯಾಗಿ ಮಾಡ್ಸೋದು ಎಲ್ಲಿ?

ಮದ್ದೂರ್_ಎಳನೀರು

ಬ್ರೋ ಮಾತ್ರೆ ಶುರು ಮಾಡ್ಬೇಡಿ. ಹತ್ತು ನಿಮಿಷದಲ್ಲಿ ಹಣೆಬರಹ ಬರೆಯೋಕಾಗುತ್ತಾ.

ಪಾಂಡವಪುರದಕ್ಕ

ನಮ್ಮತ್ತೆಗೂ ಹಿಂಗೇ ಆಗಿತ್ತು ತಮ್ಮ. ಒಂದು ಗಡಿಯಾರ ಬರೀರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರ್ಸಿ ಅಂತ ಪೆನ್ನು ಕೊಟ್ರು. ನಮ್ಮತ್ತೆ ಜೀವಮಾನದಲ್ಲಿ ಪೆನ್ನು ಹಿಡಿದೋರಲ್ಲ, ಹೆಬ್ಬೆಟ್ಟು. ರಂಗೋಲಿ ಪುಡಿ ಕೊಟ್ಟಿದ್ರೆ 21 ಚುಕ್ಕಿ ಕೈ ನಡುಗ್ದೆ ಇಡ್ತಿದ್ರು. ಪೆನ್ನು ಹಿಡಿಯೋದೇ ಒಂದು ಪರೀಕ್ಷೆ ಆಗೋಯ್ತು ಅವ್ರಿಗೆ.

ವಿಸಿನಾಲೆ_72

ಎಲ್ಲಾ ಬುಡಿ, ಅರವತ್ತಕ್ಕೆ ಅರಳು ಮರಳು ಅಂತ ಹಿರೀಕರು ಸುಮ್ನೆ ಹೇಳಿಲ್ಲ. ವಯಸ್ಸಾದ್ಮೇಲೆ ಮರೆವು ಬರ್ದೆ ಇನ್ನೇನು ಬರುತ್ತೆ. ಆಸ್ಪತ್ರೆ ಅಲೆದಷ್ಟೂ ಒಂದೊಂದು ಕಾಯಿಲೆ ಹೆಸ್ರು ಹೇಳ್ತಾರೆ.

ಮಾನಸ_ಮೈಸೂರು, ಭಾನುವಾರ ರಾತ್ರಿ 10:05

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಆನ್‌ಲೈನಲ್ಲಿ ಕೂತು ನಿಮ್ಮ ತಂದೆಯವರಿಗೆ ಏನಾಗಿದೆ ಅಂತ ಹೇಳೋಕಾಗಲ್ಲ, ಹೇಳಲೂಬಾರ್ದು. ಆದ್ರೆ ಟೆಸ್ಟ್ ಬಗ್ಗೆ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ನೀವು ಹೇಳಿದ್ದು ನೋಡಿದ್ರೆ ಅದು ಎಂಎಂಎಸ್‌ಇ ಥರದ್ದು. 1975ರಲ್ಲಿ ಅಮೆರಿಕದಲ್ಲಿ ಮಾಡಿದ್ದು, ಒಟ್ಟು 30 ಅಂಕ, ಸಾಮಾನ್ಯವಾಗಿ 24ಕ್ಕಿಂತ ಕಮ್ಮಿ ಬಂದ್ರೆ ಮುಂದೆ ನೋಡ್ಬೇಕು ಅಂತ ಲೆಕ್ಕ. ಮುಂದೆ ನೋಡ್ಬೇಕು ಅಂತ, ಕಾಯಿಲೆ ಇದೆ ಅಂತಲ್ಲ. ಇದು ಸ್ಕ್ರೀನಿಂಗ್, ಜ್ವರ ಇದ್ಯಾ ಅಂತ ಹಣೆ ಮುಟ್ಟಿ ನೋಡೋ ಹಾಗೆ. ಹಣೆ ಬಿಸಿ ಇದೆ ಅಂತ ಟೈಫಾಯ್ಡ್ ಅಂತ ಬರೆದ್ರೆ ಹೇಗೆ? ಇದೂ ಹಾಗೇ. ಇದೇ ಥರ ಮೊಕಾ ಅಂತ ಇನ್ನೊಂದಿದೆ, 2005ರದ್ದು, ಅದೂ 30ಕ್ಕೇ, 26 ಗಡಿ. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಮ್ಮಿ ಓದಿದವರಿಗೆ ಅದರಲ್ಲಿ ಒಂದು ಅಂಕ ಸೇರಿಸ್ತಾರೆ. ನಾಲ್ಕನೇ ಕ್ಲಾಸಿಗೂ ಒಂದೇ ಅಂಕ, ಪಿಯುಸಿಗೂ ಒಂದೇ ಅಂಕ. ಅದು ಸಾಲಲ್ಲ ಅಂತಾನೇ ಓದು ಬರಹ ಇಲ್ದವರಿಗೆ ಮೊಕಾ ಬೇಸಿಕ್ ಅಂತ ಬೇರೆ ಮಾಡಿದ್ದಾರೆ.

ನಮ್ಮ ದೇಶದಲ್ಲಿ ಈ ತೊಂದರೆ ಹೊಸದಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಸಂಶೋಧಕರು ಎಂಎಂಎಸ್‌ಇ ಪ್ರಶ್ನೆಪತ್ರಿಕೆ ತಗೊಂಡು ಹೋದಾಗ ಓದು ಬರದವರಿಗೆ ಇದು ನಡೆಯಲ್ಲ ಅಂತ ಗೊತ್ತಾಗಿ, 1995ರಲ್ಲಿ ಎಚ್‌ಎಂಎಸ್‌ಇ ಅಂತ ಹಿಂದಿಗೆ ಬದಲಾಯಿಸಿದ್ದನ್ನ ಪ್ರಕಟಿಸಿದ್ರು. ಅದರಲ್ಲಿ ಪದಾನ ಹಿಂದಿನಿಂದ ಹೇಳೋ ಬದಲು ವಾರದ ದಿನಗಳನ್ನ ಹಿಂದಿನಿಂದ ಹೇಳಿ ಅಂತಾರೆ. ಕಾಗದದ ಮೇಲೆ ಬರೆದಿದ್ದನ್ನ ಓದಿ ಕಣ್ಣು ಮುಚ್ಚಿ ಅನ್ನೋ ಬದಲು ನನ್ನ ಮುಖ ನೋಡಿ, ನಾನು ಮಾಡಿದ್ದೇ ಮಾಡಿ ಅಂತಾರೆ. ಒಂದು ವಾಕ್ಯ ಬರೀರಿ ಅನ್ನೋ ಕಡೆ ನಿಮ್ಮ ಮನೆ ಬಗ್ಗೆ ಏನಾದ್ರೂ ಹೇಳಿ ಅಂತ. ನಿಮ್ಮ ತಂದೆಗೆ ವರ್ಲ್ಡ್ ಕೇಳಿದ್ದು ತಪ್ಪು, ಇದನ್ನ ಮುಚ್ಚಿಡದೆ ಹೇಳ್ತೀನಿ. ನನ್ನ ಕಸುಬಿನವರೇ ಹೀಗೆ ಮಾಡಿದಾಗ ನಂಗೆ ಸಂಕಟ ಆಗುತ್ತೆ.

ಹಾಗಂತ ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ. ಇನ್ನೊಬ್ಬ ನ್ಯೂರಾಲಜಿಸ್ಟ್ ಅಥವಾ ಸೈಕಿಯಾಟ್ರಿಸ್ಟ್ ಹತ್ರ ಎರಡನೇ ಅಭಿಪ್ರಾಯ ತಗೊಳ್ಳಿ.

ಕೆರಗೋಡು_ಹೈದ

ಮೇಡಂ ತುಂಬಾ ಥ್ಯಾಂಕ್ಸ್. ಅಂದ್ರೆ ಅಪ್ಪಂಗೆ ಏನೂ ಇಲ್ಲ ಅನ್ಬೋದಾ? ಅವ್ವನೂ ಅದನ್ನೇ ಅಂತವ್ಳೆ, ಗದ್ದೆ ಕೆಲ್ಸ ಎಲ್ಲಾ ಮಾಡ್ತಾರಲ್ಲ ಅಂತ.

ಕುಕ್ಕರಹಳ್ಳಿ_ವಾಕರ್, ಭಾನುವಾರ ರಾತ್ರಿ 10:31

ಇಲ್ಲಿ ನಾನು ಎಲ್ರ ಜೊತೆ ಜಗಳ ಆಡ್ತೀನಿ, ಕ್ಷಮಿಸಿ. ಓದಿಲ್ಲ, ಇಂಗ್ಲಿಷ್ ಪ್ರಶ್ನೆ ಕೇಳಿದ್ರು, ವಯಸ್ಸಾಯ್ತು, ಈ ಮೂರು ಮಾತು ಹೇಳ್ಕೊಂಡೇ ನಮ್ಮನೇಲಿ ಎರಡು ವರ್ಷ ಕಳೆದ್ವಿ. ನಮ್ಮ ತಂದೆ ಬ್ಯಾಂಕಲ್ಲಿ ಇದ್ದೋರು, ಪಂಚಾಂಗ ಬಾಯಿಪಾಠ, 1970ರಲ್ಲಿ ಯಾರ ಮದ್ವೆ ಯಾವ ಛತ್ರದಲ್ಲಿ ಆಯ್ತು ಎಲ್ಲಾ ಹೇಳೋರು. ನೋಡಿ ಎಷ್ಟು ಜ್ಞಾಪಕ ಅಂತ ಹೆಮ್ಮೆ ಪಡ್ತಿದ್ವಿ. ಬೆಳಗ್ಗೆ ತಿಂಡಿ ತಿಂದಿದ್ದು ನೆನಪಿಲ್ಲ ಅನ್ನೋದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಒಂದಿನ ಕುಕ್ಕರಹಳ್ಳಿ ಕೆರೆ ಸುತ್ತು ವಾಕಿಂಗ್ ಹೋದೋರು ಮನೆಗೆ ಬರ್ಲಿಲ್ಲ, ರಾತ್ರಿ ಒಂಬತ್ತಕ್ಕೆ ಬೋಗಾದಿ ರಿಂಗ್ ರೋಡ್ ಹತ್ರ ಸಿಕ್ರು, ಚಪ್ಪಲಿ ಇರ್ಲಿಲ್ಲ.

ಎರಡು ಸಲ ಕೂಲಿ ಕೊಟ್ಟಿದ್ದು ಸಣ್ಣ ವಿಷ್ಯ ಅಲ್ಲ ಸ್ವಾಮಿ. ನಿಮ್ಮಪ್ಪನಂಥ ರೈತ ದುಡ್ಡಿನ ಲೆಕ್ಕ ತಪ್ಪಲ್ಲ. ಟೆಸ್ಟ್ ಕೆಟ್ಟದಾಗಿ ಮಾಡಿರ್ಬೋದು, ಆದ್ರೆ ಟೆಸ್ಟಿಗೆ ಕರ್ಕೊಂಡು ಹೋಗೋ ಹಾಗೆ ಮಾಡಿದ್ದು ಏನೋ ಇತ್ತಲ್ವಾ?

ಮಾನಸ_ಮೈಸೂರು

ಕುಕ್ಕರಹಳ್ಳಿ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನೇ ಇದನ್ನ ಮೊದಲು ಹೇಳ್ಬೇಕಿತ್ತು. ಏನೂ ಇಲ್ಲ ಅಂತ ನಾನು ಹೇಳಿಲ್ಲ, 15ರ ಮೇಲೆ ಏನನ್ನೂ ತೀರ್ಮಾನ ಮಾಡೋಕಾಗಲ್ಲ ಅಂದೆ. ಎರಡೂ ಬೇರೆ. 60 ದಾಟಿದವರಲ್ಲಿ ನಮ್ಮ ದೇಶದಲ್ಲಿ ಶೇಕಡಾ 7.4 ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳುತ್ತೆ. ಅಂದ್ರೆ 60 ಆದ ಹೆಚ್ಚಿನವರಿಗೆ ಅದು ಇಲ್ಲ. ಹಾಗಾಗಿ ಅರಳು ಮರಳು ಸಹಜ ಅನ್ನೋದೂ ತಪ್ಪು, ವಿಸಿನಾಲೆ ಅವರೇ.

ಗದ್ದೆ ಕೆಲಸ ಮಾಡ್ತಾರೆ ಅನ್ನೋದರ ಬಗ್ಗೆ. ನೆನಪು ಅನ್ನೋದು ಒಂದೇ ಡಬ್ಬಿ ಅಲ್ಲ. 1953ರಲ್ಲಿ ಅಮೆರಿಕದಲ್ಲಿ ಒಬ್ಬ ಯುವಕನಿಗೆ ಫಿಟ್ಸ್ ನಿಲ್ಲಲಿ ಅಂತ ಮೆದುಳಿನ ಎರಡೂ ಕಡೆ ಹಿಪೊಕ್ಯಾಂಪಸ್ ಇರೋ ಭಾಗ ತೆಗೆದ್ರು. ಆಮೇಲೆ ಅವನಿಗೆ ಹೊಸದು ಯಾವುದೂ ನೆನಪಲ್ಲಿ ಉಳೀಲಿಲ್ಲ. ಪುಸ್ತಕಗಳಲ್ಲಿ ಎಚ್.ಎಂ. ಅಂತ ಕರೀತಿದ್ರು, 2008ರಲ್ಲಿ ತೀರಿಕೊಂಡ್ಮೇಲೆ ಹೆಸರು ಹೊರಗೆ ಬಂತು, ಹೆನ್ರಿ ಮೊಲೈಸನ್. ಬ್ರೆಂಡಾ ಮಿಲ್ನರ್ ಅನ್ನೋ ವಿಜ್ಞಾನಿ ಅವನಿಗೆ ಕನ್ನಡಿ ನೋಡ್ಕೊಂಡು ನಕ್ಷತ್ರದ ಗೆರೆ ಎಳೆಯೋ ಕೆಲಸ ಕೊಟ್ರು. ದಿನದಿಂದ ದಿನಕ್ಕೆ ಕೈ ಪಳಗ್ತಾ ಹೋಯ್ತು, ಆದ್ರೆ ಅದನ್ನ ಹಿಂದೆ ಮಾಡಿದ್ದೀನಿ ಅನ್ನೋದೇ ಅವನಿಗೆ ಗೊತ್ತಿರ್ಲಿಲ್ಲ. ಕೈಯ ನೆನಪು ಬೇರೆ, ನಿನ್ನೆಯ ನೆನಪು ಬೇರೆ. ನಲವತ್ತು ವರ್ಷ ನೇಗಿಲು ಹಿಡಿದ ಕೈ ನೇಗಿಲು ಮರೆಯೋಕೆ ಬಹಳ ಕಾಲ ಬೇಕು.

ಕೆರಗೋಡು_ಹೈದ

ಆದ್ರೆ ಕಟ್ಟೆ ಮಟ್ಟ ದಿನಾ ಬದಲಾಗುತ್ತಲ್ಲ ಮೇಡಂ, ಅದು ಹಳೇ ನೆನಪಲ್ವಲ್ಲ.

ಮಾನಸ_ಮೈಸೂರು

ಒಳ್ಳೇ ಪ್ರಶ್ನೆ. ಅದು ನಿಜವಾಗ್ಲೂ ಒಳ್ಳೇ ಲಕ್ಷಣ, ಪರೀಕ್ಷೆ ಮಾಡೋರಿಗೆ ತಪ್ಪದೆ ಹೇಳಿ. ಬೆಳಗ್ಗೆ ಪೇಪರಲ್ಲಿ ನೋಡಿದ್ದನ್ನ ಸಾಯಂಕಾಲ ಹೇಳ್ತಾರಾ ಅಥವಾ ಹಳೇದನ್ನೇ ಹೇಳ್ತಿದ್ದಾರಾ ಅಂತ ಒಂದು ವಾರ ಗಮನಿಸಿ.

ಆಲೆಮನೆ_ಬೆಲ್ಲ

124.80 ತುಂಬಿದ್ರೆ ಎಲ್ಲಾರ್ಗೂ ನೆನಪಿರ್ತದೆ ಬುಡಿ, ಬಾಗಿನ ಬಿಡೋದು ಟಿವೀಲಿ ಬತ್ತದೆ. 98.35 ಅಂತ ಹೇಳುದ್ರೆ ಗಟ್ಟಿ ಜ್ಞಾಪಕ ಅಂತ ಒಪ್ಕೋತೀನಿ.

ಮದ್ದೂರ್_ಎಳನೀರು

ಇಷ್ಟೆಲ್ಲಾ ಯಾಕೆ, ಒಂದು ಎಂಆರ್‌ಐ ಮಾಡ್ಸಿದ್ರೆ ಮೆದುಳಲ್ಲಿ ಏನಾಗಿದೆ ಅಂತ ಎಲ್ಲಾ ಕಾಣುತ್ತಲ್ವಾ? ಮಷೀನಿಗೆ ಓದು ಬರಹ ಬೇಕಾಗಿಲ್ಲ.

ಗಣಂಗೂರು_ಅಣ್ತಮ್ಮ, ಭಾನುವಾರ ರಾತ್ರಿ 11:20

ಇಲ್ಲ ಗುರು. ಇದು ನಮ್ಮನೇಲಿ ಅನುಭವಿಸಿರೋ ವಿಷ್ಯ.

ನಮ್ಮ ತಮ್ಮ ಮೂರು ವರ್ಷದ ಹಿಂದೆ ಗಣಂಗೂರು ಹತ್ರ ಬೈಕಿಂದ ಬಿದ್ದ, ಹೆಲ್ಮೆಟ್ ಇತ್ತು, ಎರಡು ದಿನ ಪ್ರಜ್ಞೆ ಇರ್ಲಿಲ್ಲ. ಎದ್ದ, ನಡೆದ, ಮಾತಾಡ್ದ, ಆರು ತಿಂಗ್ಳಾದ್ಮೇಲೆ ತೆಗ್ಸಿದ ಸ್ಕ್ಯಾನ್ ನೋಡಿ ಏನೂ ತೊಂದ್ರೆ ಇಲ್ಲ ಅಂದ್ರು. ಆದ್ರೆ ಅವ್ನು ನಮ್ಮ ತಮ್ಮ ಆಗಿರ್ಲಿಲ್ಲ. ಮೊದ್ಲು ಎಷ್ಟು ಸಮಾಧಾನಿ ಅಂದ್ರೆ ಊರೋರು ಜಗಳ ಬಿಡ್ಸೋಕೆ ಅವ್ನನ್ನ ಕರೀತಿದ್ರು, ಈಗ ಸಾರಲ್ಲಿ ಉಪ್ಪು ಕಮ್ಮಿ ಅಂತ ತಟ್ಟೆ ಎಸೀತಾನೆ. ಗ್ಯಾರೇಜಲ್ಲಿ ಒಂದು ಗಾಡಿ ಬಿಚ್ಚಿ ಅರ್ಧಕ್ಕೆ ಬಿಟ್ಟು ಇನ್ನೊಂದು ಬಿಚ್ತಾನೆ, ಯಾವ್ದೂ ಮುಗಿಯಲ್ಲ. ಎಲ್ರೂ ಸೋಮಾರಿ ಆಗಿದ್ದಾನೆ, ದುರಹಂಕಾರ ಬಂದಿದೆ ಅಂದ್ರು. ನಾನೂ ಬೈದೆ. ಒಂದ್ಸಲ ಹೊಡೆದೂಬಿಟ್ಟೆ, ಅದು ಇವತ್ತಿಗೂ ಮನಸ್ಸಲ್ಲಿ ಕೊರೀತದೆ.

ಬೆಂಗಳೂರಲ್ಲಿ ಎರಡು ದಿನ ಕೂರ್ಸಿ ಟೆಸ್ಟ್ ಮಾಡಿದ್ರು. ಒಂದ್ರಲ್ಲಿ ಕೆಂಪು ಅನ್ನೋ ಪದ ಹಸಿರು ಬಣ್ಣದಲ್ಲಿ ಬರೆದಿರ್ತಾರೆ, ಪದ ಓದಂಗಿಲ್ಲ, ಬಣ್ಣ ಹೇಳ್ಬೇಕು, ಕನ್ನಡದಲ್ಲೇ ಇತ್ತು. ಇನ್ನೊಂದ್ರಲ್ಲಿ ಕಾರ್ಡ್ ಜೋಡಿಸ್ಬೇಕು, ನಿಯಮ ಏನು ಅಂತ ಹೇಳಲ್ಲ, ಸರಿ ತಪ್ಪು ಅಂತ ಮಾತ್ರ ಹೇಳ್ತಾರೆ, ಮಧ್ಯದಲ್ಲಿ ಸುಳಿವು ಕೊಡ್ದೆ ನಿಯಮ ಬದಲಾಯಿಸ್ತಾರೆ. ತಪ್ಪು ತಪ್ಪು ಅಂತ ಹೇಳ್ತಾ ಇದ್ರೂ ನನ್ ತಮ್ಮ ಹಳೇ ನಿಯಮದಲ್ಲೇ ಹಾಕ್ತಾ ಹೋದ. ಜ್ಞಾಪಕಶಕ್ತಿ ಪರವಾಗಿಲ್ಲ, ಬುದ್ಧಿ ಪರವಾಗಿಲ್ಲ, ಆದ್ರೆ ಬೇಡ ಅಂದಿದ್ದನ್ನ ತಡೆಯೋದು, ದಾರಿ ಬದಲಾಯಿಸೋದು, ಒಂದು ಕೆಲ್ಸ ಮುಗಿಯೋವರೆಗೂ ಹಿಡ್ಕೊಳ್ಳೋದು ಇದ್ರಲ್ಲಿ ಏಟು ಬಿದ್ದಿದೆ, ಇದು ಹಣೆ ಹಿಂದಿನ ಭಾಗದ ಕೆಲ್ಸ ಅಂತ ಬರೆದ್ರು. ಆ ರಿಪೋರ್ಟ್ ಓದಿ ನಮ್ಮವ್ವ ಅತ್ಲು. ಮಗ ಕೆಟ್ಟೋನಾಗಿಲ್ಲ, ಗಾಯ ಆಗಿದೆ ಅಂತ ಗೊತ್ತಾಯ್ತಲ್ಲ ಅದಕ್ಕೆ. ಆಮೇಲೆ ಆಕ್ಸಿಡೆಂಟ್ ಕ್ಲೈಮ್ ಕೋರ್ಟಲ್ಲೂ ಅದನ್ನೇ ಕೊಟ್ವಿ.

ಮಾನಸ_ಮೈಸೂರು

ಅಣ್ತಮ್ಮ ಅವರೇ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಮದ್ದೂರ್ ಅವರ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉತ್ತರ ನನ್ನ ಹತ್ರ ಇಲ್ಲ. ಸ್ಕ್ಯಾನ್ ಮೆದುಳು ಹೇಗಿದೆ ಅಂತ ತೋರಿಸುತ್ತೆ, ಹೇಗೆ ಕೆಲಸ ಮಾಡ್ತಿದೆ ಅಂತ ಅಲ್ಲ. ಸ್ಕ್ಯಾನಲ್ಲಿ ಮೆದುಳು ಸ್ವಲ್ಪ ಸೊರಗಿದ್ರೂ ಲವಲವಿಕೆಯಿಂದ ಇರೋ ಅಜ್ಜಂದಿರನ್ನ ನೋಡಿದ್ದೀನಿ. ಆ ಪದ ಬಣ್ಣದ ಪರೀಕ್ಷೆ 1935ರಲ್ಲಿ ಸ್ಟ್ರೂಪ್ ಅನ್ನೋರು ಪ್ರಕಟಿಸಿದ್ದು. ಹಣೆ ಭಾಗಕ್ಕೂ ಸ್ವಭಾವಕ್ಕೂ ಇರೋ ನಂಟಿನ ಬಗ್ಗೆ ಜನಕ್ಕೆ ಹೊಳೆಯೋಕೆ ಶುರುವಾಗಿದ್ದು, 1848ರಲ್ಲಿ ಫಿನಿಯಸ್ ಗೇಜ್ ಅಂತ ಅಮೆರಿಕದ ರೈಲ್ವೆ ಕೆಲಸಗಾರನ ಕೆನ್ನೆಯಿಂದ ನೆತ್ತಿಗೆ ಕಬ್ಬಿಣದ ಸರಳು ತೂರಿ ಹೋಗಿ, ಬದುಕಿ ಉಳಿದು, ಸ್ನೇಹಿತರೇ ಇವನು ನಮ್ಮ ಗೇಜ್ ಅಲ್ಲ ಅಂದಾಗ.

ಸರಸ್ವತಿಪುರಂ_ಅಮ್ಮ

ನಮ್ಮ ಯಜಮಾನರಿಗೆ ಎಡಗಡೆ ಸ್ಟ್ರೋಕ್ ಆಗಿ ಮಾತು ಹೋಯ್ತು. ನೀರು ಅನ್ನೋಕೆ ಬೇರೇನೋ ಅನ್ನೋರು. ಬಂದವರೆಲ್ಲಾ ಬುದ್ಧಿ ಹೋಗ್ಬಿಡ್ತು ಅಂತ ಅವರ ಎದುರಿಗೇ ಮಾತಾಡೋರು, ಅವರು ಕಣ್ಣಲ್ಲಿ ನೀರು ಹಾಕೋರು. ಮಾನಸಗಂಗೋತ್ರೀಲಿರೋ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೇಲಿ ಕನ್ನಡದಲ್ಲೇ ಪರೀಕ್ಷೆ ಮಾಡಿದ್ರು. ಚಿತ್ರ ತೋರಿಸಿ ಚಾಕು ಯಾವುದು, ಬಾಚಣಿಗೆ ಯಾವುದು ಅಂದ್ರೆ ಸರಿಯಾಗಿ ಬೆರಳಿಟ್ಟು ತೋರಿಸಿದ್ರು. ಎಲ್ಲಾ ಅರ್ಥ ಆಗ್ತಿದೆ, ಹೊರಗೆ ಬರೋ ದಾರಿ ಮಾತ್ರ ಕಟ್ಟಿದೆ, ಇದಕ್ಕೆ ಅಫೇಸಿಯಾ ಅಂತಾರೆ ಅಂದ್ರು. ಅವತ್ತಿಂದ ಮನೇಲಿ ಅವರ ಮುಂದೆ ಯಾರೂ ಹಾಗೆ ಮಾತಾಡ್ದೆ ಇರೋ ಹಾಗೆ ನೋಡ್ಕೊಂಡೆ.

ಗಂಗೋತ್ರಿ_ಹಳಬ

ಆ ಸಂಸ್ಥೆ 1965ರದ್ದು, ನಮ್ಮೂರಿನ ಹೆಮ್ಮೆ. ಸ್ವಲ್ಪ ವಿಷಯಾಂತರ ಆದ್ರೂ ಹೇಳ್ತೀನಿ, ಮನಸ್ಸನ್ನ ಅಳೆಯೋ ಶಾಸ್ತ್ರಕ್ಕೂ ಮೈಸೂರಿಗೂ ಹಳೇ ನಂಟು. 1924ರಲ್ಲೇ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯ್ತು, ಶುರು ಮಾಡಿದ್ದು ಎಂ.ವಿ. ಗೋಪಾಲಸ್ವಾಮಿ ಅವರು, ಲಂಡನ್ನಲ್ಲಿ ಸ್ಪಿಯರ್‌ಮನ್ ಕೈಕೆಳಗೆ ಓದಿ ಬಂದೋರು. ಬುದ್ಧಿಶಕ್ತಿಗೆಲ್ಲಾ ಒಂದು ಸಾಮಾನ್ಯ ಬೇರಿದೆ ಅಂತ 1904ರಲ್ಲಿ ಹೇಳಿದ್ನಲ್ಲ, ಅದೇ ಸ್ಪಿಯರ್‌ಮನ್.

ಆಲೆಮನೆ_ಬೆಲ್ಲ

ಆ ಗೋಪಾಲಸ್ವಾಮಿ ಅಂದ್ರೆ ರೇಡಿಯೋದವ್ರಲ್ವಾ ಸಾರ್? ಆಕಾಶವಾಣಿ?

ಗಂಗೋತ್ರಿ_ಹಳಬ

ಅವರೇ. 1935ರಲ್ಲಿ ತಮ್ಮ ಮನೆ ವಿಠಲ ವಿಹಾರದಿಂದ ಬಾನುಲಿ ಶುರು ಮಾಡಿದ್ರು. ಇನ್ನೊಂದು ವಿಷ್ಯ, ಬಿನೆ ಬುದ್ಧಿ ಪರೀಕ್ಷೆಯನ್ನ 1930ರ ದಶಕದಲ್ಲೇ ಧಾರವಾಡದಲ್ಲಿ ವಿ.ವಿ. ಕಾಮತರು ಕನ್ನಡ ಮರಾಠಿ ಮಕ್ಕಳಿಗೆ ಹೊಂದಿಸಿ ಕೊಟ್ರು. ಬಿನೆ ಕಾಮತ್ ಟೆಸ್ಟ್ ಅಂತ ಇವತ್ತಿಗೂ ಹೆಸರಿದೆ. ಅಷ್ಟು ಹಿಂದೆನೇ ಕನ್ನಡದಲ್ಲಿ ಮಾಡಿದ್ದಾರೆ ಅಂದ್ಮೇಲೆ ಇವತ್ತು ಮಂಡ್ಯದ ರೈತನಿಗೆ ವರ್ಲ್ಡ್ ಅಂತ ಕೇಳೋದು ಅನ್ಯಾಯ, ಬೇರೆ ಪದ ಇಲ್ಲ ಅದಕ್ಕೆ.

ನರ್ಸಕ್ಕ_ಮಂಡ್ಯ, ಸೋಮವಾರ ಬೆಳಗ್ಗೆ 6:48

ರಾತ್ರಿ ಡ್ಯೂಟಿ ಮುಗ್ಸಿ ಈಗ ಓದ್ದೆ. ಎಲ್ರೂ ಟೆಸ್ಟ್ ಬಗ್ಗೆ ಮಾತಾಡ್ತಿದ್ದೀರಿ, ಆ ಹುಡುಗ ಮೊದಲ ಪೋಸ್ಟಲ್ಲೇ ಅಪ್ಪ ಗಾಡಿಯಿಂದ ಬಿದ್ರು ಅಂತ ಬರ್ದಿರೋದನ್ನ ಯಾರೂ ನೋಡ್ಲಿಲ್ವಾ?

ಅಣ್ಣ, ಬಿದ್ಮೇಲೆ ಮರೆವು ಜಾಸ್ತಿ ಆಯ್ತಾ? ತಲೆನೋವು, ನಡೆಯುವಾಗ ಒಂದು ಕಡೆ ಎಳೆಯೋದು, ಹಗಲೆಲ್ಲಾ ಮಂಪರು ಇದ್ಯಾ? ರಕ್ತ ತೆಳು ಮಾಡೋ ಮಾತ್ರೆ ತಗೋತಾರಾ? ವಯಸ್ಸಾದವರಿಗೆ ತಲೆಗೆ ಸಣ್ಣ ಏಟು ಬಿದ್ರೂ ಬುರುಡೆ ಒಳಗೆ ಪೊರೆ ಕೆಳಗೆ ರಕ್ತ ಒಸರ್ತಾ ವಾರಗಟ್ಟಲೆ ಆದ್ಮೇಲೆ ಮೆದುಳು ಒತ್ತುತ್ತೆ. ನೋಡೋಕೆ ಡಿಮೆನ್ಷಿಯಾ ಥರಾನೇ ಇರುತ್ತೆ. ಅದನ್ನ ಆಪರೇಷನ್ ಮಾಡಿ ತೆಗೀಬೋದು. ಇವತ್ತೇ ಡಾಕ್ಟರ ಹತ್ರ ಬಿದ್ದಿದ್ದು ಹೇಳಿ, ಸಿಟಿ ಸ್ಕ್ಯಾನ್ ಬೇಕಾ ಕೇಳಿ. ಜೊತೆಗೆ ಬಿ12, ಥೈರಾಯ್ಡ್, ಸೋಡಿಯಂ, ಶುಗರ್ ರಕ್ತ ಪರೀಕ್ಷೆ. ಇವು ಮೊದಲು, ಪ್ರಶ್ನೆ ಪತ್ರಿಕೆ ಆಮೇಲೆ. ಇನ್ನೊಂದು, ಕಿವಿ ಸರಿಯಾಗಿ ಕೇಳುತ್ತಾ?

ಕೆರಗೋಡು_ಹೈದ

ಅಕ್ಕ ನಾನು ಅದನ್ನ ಆಸ್ಪತ್ರೇಲಿ ಹೇಳೇ ಇರ್ಲಿಲ್ಲ. ಕೇಳ್ಲೂ ಇಲ್ಲ ಅವ್ರು. ಮರೆವು ಬೀಳೋಕಿಂತ ಮುಂಚೆಯಿಂದ ಐತೆ, ಆದ್ರೆ ಆಮೇಲೆ ಜಾಸ್ತಿ ಆಯ್ತು ಅನ್ಸುತ್ತೆ. ಕಿವಿ ಸ್ವಲ್ಪ ಮಂದ, ಟಿವಿ ಜೋರಾಗಿ ಇಡ್ತಾರೆ. ಇವತ್ತು ಅರ್ಧ ದಿನ ರಜೆ ಹಾಕಿ ಊರಿಗೆ ಹೋಯ್ತೀನಿ.

ಪಾಂಡವಪುರದಕ್ಕ

ಹೋಗು ತಮ್ಮ, ಮೊದ್ಲು ಅದು ಮಾಡ್ಸು.

ವಿಸಿನಾಲೆ_72

ಒಂದು ಡೌಟು. ಆ ಪ್ರಶ್ನೆಗಳು ವಾಟ್ಸಾಪಲ್ಲಿ ಓಡಾಡ್ತವೆ, ಸೇಬು ಮೇಜು ನಾಣ್ಯ ಅಂತ ಮೂರು ಪದ, ಗಡಿಯಾರ ಚಿತ್ರ ಎಲ್ಲಾ. ಮನೇಲೇ ನಾಕು ದಿನ ಪ್ರಾಕ್ಟೀಸ್ ಮಾಡ್ಸಿ ಕರ್ಕೊಂಡು ಹೋದ್ರೆ ಹೆದ್ರಿಕೆ ಇರಲ್ಲ ಅಲ್ವಾ?

ಮಾನಸ_ಮೈಸೂರು

ದಯವಿಟ್ಟು ಮಾಡ್ಬೇಡಿ. ಅಭ್ಯಾಸ ಮಾಡಿಸಿದ್ರೆ ಅಭ್ಯಾಸಕ್ಕೆ ಅಂಕ ಬರುತ್ತೆ, ಮೆದುಳಿಗಲ್ಲ. ನಿಜವಾದ ತೊಂದರೆ ಮುಚ್ಚಿ ಹೋಗಿ ಒಂದು ವರ್ಷ ತಡ ಆಗ್ಬೋದು. ಅದಕ್ಕೇ ಮತ್ತೆ ಪರೀಕ್ಷೆ ಮಾಡುವಾಗ ಕೆಲವು ತಿಂಗಳು ಬಿಡ್ತೀವಿ, ಸಾಧ್ಯ ಆದ್ರೆ ಬೇರೆ ಪದಗಳ ಪಟ್ಟಿ ಬಳಸ್ತೀವಿ. ಹೆದರಿಕೆ ಕಳೆಯೋಕೆ ರಾತ್ರಿ ಚೆನ್ನಾಗಿ ನಿದ್ದೆ, ಹೊಟ್ಟೆ ತುಂಬಾ ತಿಂಡಿ, ಕನ್ನಡಕ ಇದ್ರೆ ಕನ್ನಡಕ, ಇಷ್ಟು ಸಾಕು. ಇದು ಪಾಸು ಫೇಲು ಅಲ್ಲ ಅಂತ ಅವರಿಗೆ ಬಿಡಿಸಿ ಹೇಳಿ.

ಮಕ್ಕಳ_ಮೇಷ್ಟ್ರು

ವಿವರವಾದ ಪರೀಕ್ಷೆ ಅಂದ್ರೆ ನಿಮ್ಹಾನ್ಸ್ ಬ್ಯಾಟರಿ, ಬೆಂಗಳೂರು ನಿಮ್ಹಾನ್ಸ್ ಆಸ್ಪತ್ರೆಯವರ ಪರೀಕ್ಷೆಗಳ ಕಟ್ಟು, ಅದೇ ಅಲ್ವಾ ಮೇಡಂ? 2004ರದ್ದು. ಓದಿಲ್ಲದವರು, ಶಾಲೆ ಓದಿದವರು, ಕಾಲೇಜು ಓದಿದವರು ಅಂತ ಬೇರೆ ಬೇರೆ ಮಟ್ಟ ಇಟ್ಟಿದ್ದಾರಲ್ಲ, ಇವರ ತಂದೆಗೆ ಅದೇ ಸರಿ.

ಮಾನಸ_ಮೈಸೂರು

ಅದು ಬಹಳ ಒಳ್ಳೇ ಕೆಲಸ ಮೇಷ್ಟ್ರೇ, ಆದ್ರೆ ಒಂದು ತಿದ್ದುಪಡಿ. ಅದರ ಮಾನದಂಡ ಇರೋದು 16ರಿಂದ 65 ವರ್ಷದವರಿಗೆ. ಇವರಿಗೆ 68. ಹಿರಿಯರಿಗೇ ಅಂತ ನಿಮ್ಹಾನ್ಸಿನವರು ಬೇರೆ ಬ್ಯಾಟರಿ ಮಾಡಿ 2013ರಲ್ಲಿ ಪ್ರಕಟಿಸಿದ್ದಾರೆ. ಪರೀಕ್ಷೆ ಮಾಡೋರು ಯಾವುದನ್ನ ಬಳಸ್ತಾರೆ, ಯಾರ ಜೊತೆ ಹೋಲಿಸ್ತಾರೆ ಅಂತ ಕೇಳೋ ಹಕ್ಕು ನಿಮಗಿದೆ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರೋ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದಾ ಅಂತಾನೂ ಕೇಳಿ. ನಾಚ್ಕೋಬೇಡಿ.

ಮಕ್ಕಳ_ಮೇಷ್ಟ್ರು

ಗೊತ್ತಿರ್ಲಿಲ್ಲ, ತಿದ್ಕೋತೀನಿ. ಹಾಗಾದ್ರೆ ಕ ಇಂದ ಶುರುವಾಗೋ ಪದ ಒಂದು ನಿಮಿಷದಲ್ಲಿ ಎಷ್ಟು ಹೇಳ್ತೀರಿ ಅಂತ ಕೇಳ್ತಾರಲ್ಲ, ಕಾ ಕಿ ಕು ಎಲ್ಲಾ ಲೆಕ್ಕಕ್ಕೆ ಬರುತ್ತಾ? ನಮ್ಮ ಸ್ಟಾಫ್ ರೂಮಲ್ಲಿ ಇದರ ಮೇಲೆ ದೊಡ್ಡ ವಾದ ಆಗಿತ್ತು.

ಆಲೆಮನೆ_ಬೆಲ್ಲ

ಕಬ್ಬು, ಕಡಿ, ಕಟ್ಟು, ಕಣ, ಕಳೆ, ಕರು, ಕಂಬಳಿ. ನಮ್ಮ ಕಡೆಯೋರು ಉಸ್ರು ತಗೊಳ್ದೆ ಹೇಳ್ತಾರೆ.

ಮಾನಸ_ಮೈಸೂರು

ಕಾಗುಣಿತದ ನಿಯಮ ಪರೀಕ್ಷೆ ಮಾಡೋರು ಮೊದಲೇ ಹೇಳ್ತಾರೆ, ಊರು ಜನರ ಹೆಸರು ಹೇಳಂಗಿಲ್ಲ ಅನ್ನೋದನ್ನೂ. ಆದ್ರೆ ಅಕ್ಷರದ ಲೆಕ್ಕ ಇಟ್ಕೊಳ್ಳೋದು ಓದಿದವರಿಗೇ ಸುಲಭ. ಓದದವರಿಗೆ ಪ್ರಾಣಿಗಳ ಹೆಸರು ಹೇಳಿ ಅನ್ನೋದು ಹೆಚ್ಚು ನ್ಯಾಯ.

ಕುಕ್ಕರಹಳ್ಳಿ_ವಾಕರ್

ಆ ಮೊಕಾ ಪರೀಕ್ಷೇಲಿ ಘೇಂಡಾಮೃಗದ ಚಿತ್ರ ತೋರಿಸ್ತಾರೆ. ನಮ್ಮ ಜನ ದಸರಾಗೆ ಮೈಸೂರು ಮೃಗಾಲಯಕ್ಕೆ ಹೋಗಿ ನೋಡಿರ್ತಾರೆ, ಬೇರೆ ಕಡೆ ಹಳ್ಳಿಯವರು ಎಲ್ಲಿ ನೋಡ್ಬೇಕು?

ಕೆರಗೋಡು_ಹೈದ, ಐದು ವಾರದ ನಂತರ

ಎಲ್ರೂ ಕೇಳ್ತಿದ್ರಿ, ತಡ ಆಯ್ತು. ಏನಾಯ್ತು ಅಂತ ಬರೀತೀನಿ.

ಸಿಟಿ ಅವತ್ತೇ ಮಾಡ್ಸ್ದೆ, ರಕ್ತ ಹೆಪ್ಪುಗಟ್ಟಿಲ್ಲ ಅಂದ್ರು. ನರ್ಸಕ್ಕ, ಆ ರಿಪೋರ್ಟ್ ಬರೋವರ್ಗೂ ಎರಡು ಗಂಟೆ ಹೊರಗಡೆ ಬೆಂಚಲ್ಲಿ ಕೂತಿದ್ದು ಜೀವನದಲ್ಲಿ ಮರೆಯಲ್ಲ. ಬಿ12 ಬಹಳ ಕಮ್ಮಿ ಇತ್ತು, ಇಂಜೆಕ್ಷನ್ ನಡೀತೈತೆ. ಕಿವಿ ಗಂಗೋತ್ರೀಲಿ ತೋರ್ಸಿದ್ವಿ, ಎರಡೂ ಕಡೆ ಕಮ್ಮಿ ಕೇಳುತ್ತೆ, ಅವತ್ತು ಆ ಪ್ರಶ್ನೆ ಅರ್ಧ ಕೇಳ್ಸೇ ಇರ್ಲಿಲ್ಲ ಅವ್ರಿಗೆ. ಮಾತ್ರೆ ಸದ್ಯಕ್ಕೆ ಬೇಡ ಅಂತ ಎರಡನೇ ಡಾಕ್ಟ್ರು ನಿಲ್ಸಿದ್ರು.

ದೊಡ್ಡ ಟೆಸ್ಟು ಎರಡು ಸಲ ಕೂರ್ಸಿ ಮಾಡಿದ್ರು, ಒಟ್ಟು ಮೂರು ಗಂಟೆ ಹತ್ರ. ಮಾಡಿದೋರು ಮೊದ್ಲು ಟೀ ತರ್ಸಿ ಊರು, ಬೆಳೆ, ಈ ಸಲ ಭತ್ತ ಹೆಂಗೆ ಅಂತ ಅರ್ಧ ಗಂಟೆ ಮಾತಾಡ್ಸಿದ್ರು. ಪ್ರಶ್ನೆ ಶುರು ಆಗಿದ್ದೇ ಅಪ್ಪಂಗೆ ಗೊತ್ತಾಗ್ಲಿಲ್ಲ. ಹದಿನೈದು ಪದಾನ ಅವ್ರು ಐದು ಸಲ ಓದಿ, ಪ್ರತಿ ಸಲ ನೆನಪಿರೋದು ಹೇಳಿ ಅಂದ್ರಂತೆ, ಅಪ್ಪ ಮೂರು, ಐದು, ಆರು, ಏಳು, ಏಳು ಹೇಳವ್ರೆ. ಅರ್ಧ ಗಂಟೆ ಆದ್ಮೇಲೆ ನಾಕೇ. ಆದ್ರೆ ಬೇರೆ ಪದಗಳ ಜೊತೆ ಸೇರ್ಸಿ ಇದಿತ್ತಾ ಇದಿತ್ತಾ ಅಂತ ಕೇಳಿದಾಗ ಹನ್ನೆರಡು ಗುರುತಿಸವ್ರೆ. ಒಳಗೆ ಸೇರೈತೆ, ಹೊರಗೆ ತೆಗೆಯೋದು ಕಷ್ಟ ಆಗ್ತೈತೆ, ಅದು ಒಂದು ಮಟ್ಟಿಗೆ ಒಳ್ಳೇ ಸೂಚನೆ ಅಂತ ಬಿಡಿಸಿ ಹೇಳಿದ್ರು.

ಅವ್ವನ ಹತ್ರ ಒಂದು ಗಂಟೆ ಬೇರೆ ಮಾತಾಡಿದ್ರು. ಅವ್ವ ಅಲ್ಲಿ ಹೇಳಿದ್ದು ನಂಗೇ ಗೊತ್ತಿರ್ಲಿಲ್ಲ. ಹೋದ್ ಶಿವರಾತ್ರಿ ಟೈಮಲ್ಲಿ ನಮ್ ಚಿಕ್ಕಪ್ಪ ತೀರ್ಕೊಂಡ್ರು, ಅಪ್ಪಂಗೆ ಒಬ್ನೇ ತಮ್ಮ. ಅವತ್ತಿಂದ ಅಪ್ಪ ರಾತ್ರಿ ಎರಡು ಗಂಟೆಗೆ ಎದ್ದು ಕೊಟ್ಟಿಗೇಲಿ ಹೋಗಿ ಕೂರ್ತಾರಂತೆ. ಯಾರ್ಗೂ ಹೇಳ್ಬೇಡ ಅಂದಿದ್ರಂತೆ.

ಕುಕ್ಕರಹಳ್ಳಿ ಸಾರ್, ನೀವು ಹೇಳಿದ್ದೂ ನಿಜ ಆಯ್ತು. ಏನೂ ಇಲ್ಲ ಅಂತ ಬರ್ದಿಲ್ಲ. ಡಿಮೆನ್ಷಿಯಾ ಅಲ್ಲ, ಅದಕ್ಕಿಂತ ಹಿಂದಿನ ಮೆಟ್ಲು, ಮೈಲ್ಡ್ ಕಾಗ್ನಿಟಿವ್ ಇಂಪೇರ್ಮೆಂಟ್ ಅಂತ ಬರ್ದವ್ರೆ, ಜೊತೆಗೆ ಖಿನ್ನತೆ. ಬಿ12 ಮತ್ತೆ ಖಿನ್ನತೆ ಸರಿ ಹೋದ್ಮೇಲೆ ಎಷ್ಟು ಉಳಿಯುತ್ತೆ ನೋಡೋಣ, ಎಂಟು ತಿಂಗ್ಳು ಬಿಟ್ಟು ಮತ್ತೆ ಕರ್ಕೊಂಡು ಬನ್ನಿ ಅಂದವ್ರೆ. ದುಡ್ಡಿನ ವ್ಯವಹಾರ ಸದ್ಯಕ್ಕೆ ಅವ್ವನ ಜೊತೆ ಕೂತು ಬರ್ದಿಟ್ಟು ಮಾಡಿ ಅಂತಾನೂ.

ಕುಕ್ಕರಹಳ್ಳಿ_ವಾಕರ್

ನಂದು ಸುಳ್ಳಾಗ್ಲಿ ಅಂತಾನೇ ಬೇಡ್ಕೊಂಡಿದ್ದೆ. ಎಂಟು ತಿಂಗಳಿಗೆ ತಪ್ಪಿಸ್ಬೇಡಿ, ಕ್ಯಾಲೆಂಡರಲ್ಲಿ ಬರೆದಿಡಿ.

ನರ್ಸಕ್ಕ_ಮಂಡ್ಯ

ಅಣ್ಣ, ಅಪ್ಪ ರಾತ್ರಿ ಎದ್ದಾಗ ಅವ್ವ ಒಬ್ರೇ ಇದನ್ನೆಲ್ಲಾ ಹೊತ್ಕೊಂಡಿದ್ದಾರೆ, ಅವರನ್ನೂ ನೋಡ್ಕೊಳ್ಳಿ. ಮಾತಾಡೋಕೆ ಯಾರೂ ಇಲ್ಲ ಅನ್ಸಿದ್ರೆ ಟೆಲಿಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಮಾನಸ_ಮೈಸೂರು

ಪರೀಕ್ಷೆ ಮಾಡಿದವರು ಊರು ಬೆಳೆ ಮಾತಾಡಿದ್ದೂ ಪರೀಕ್ಷೆಯ ಭಾಗವೇ. ಒಳ್ಳೇ ಕೈಗೆ ಸಿಕ್ಕಿದ್ದೀರಿ. ಕಿವಿ ಮಷೀನ್ ಹಾಕ್ಸಿದ್ರಾ?

ಕೆರಗೋಡು_ಹೈದ

ಅಳತೆ ತಗೊಂಡವ್ರೆ ಮೇಡಂ, ಮುಂದಿನ ವಾರ ಬನ್ನಿ ಅಂದವ್ರೆ. ಅಪ್ಪ ಮೊದ್ಲು ಬೇಡ ಅಂದ್ರು, ಆಮೇಲೆ ರೇಡಿಯೋ ಕೇಳ್ಬೋದಾ ಅಂತ ಅವ್ರೇ ಕೇಳಿದ್ರು.

ಆಲೆಮನೆ_ಬೆಲ್ಲ

ತಮ್ಮ, ಇವತ್ತು ಕಟ್ಟೆ ಎಷ್ಟಡಿ ಅಂದ್ರು ಅಪ್ಪ?

ಕೆರಗೋಡು_ಹೈದ

ಕೇಳ್ದೆ ಅಣ್ಣ. ಪೇಪರ್ ನೋಡಿಲ್ಲ, ನೋಡ್ದೆ ಹೆಂಗ್ಲಾ ಹೇಳ್ಲಿ ಅಂದ್ರು.